ಮಂಡಿ ಆಪರೇಷನ್ ಆದ ಮೊದಲ ರಾತ್ರಿ: ನೋವು ತಡೆಯುವ ಇಂಜೆಕ್ಷನ್‌ಗಳ ಒಳಗುಟ್ಟು

ಸಂಜೆ ಆರರ ಹೊತ್ತಿಗೆ ನಾನು ವಾರ್ಡಿಗೆ ಹೋದಾಗ ಆ ಅಜ್ಜಿ ಎದ್ದು ಕೂತು ಕಾಫಿ ಕುಡಿಯುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಅವರ ಸವೆದ ಬಲ ಮಂಡಿಯನ್ನು ಬದಲಿಸುವ ಆಪರೇಷನ್ ಆಗಿತ್ತು. "ನೋವಿದೆಯಾ ಅಮ್ಮ?" ಅಂದೆ. "ಏನೂ ಇಲ್ಲ ಡಾಕ್ಟ್ರೇ, ಆಪರೇಷನ್ ಆಗಿದೆ ಅಂತಾನೇ ಅನ್ನಿಸ್ತಿಲ್ಲ" ಅಂತ ನಕ್ಕರು. ಪಕ್ಕದ ಸ್ಟೂಲಿನ ಮೇಲೆ ಎರಡು ಮಾತ್ರೆ ಹಾಗೇ ಇದ್ದವು. ನೋವೇ ಇಲ್ಲದ ಮೇಲೆ ಸುಮ್ನೆ ಯಾಕೆ ಮಾತ್ರೆ ಅಂತ ಮಗಳೂ ಒತ್ತಾಯ ಮಾಡಿರಲಿಲ್ಲ.

ರಾತ್ರಿ ಎರಡೂವರೆಗೆ ಫೋನ್ ಬಂತು. ಹೋಗಿ ನೋಡಿದರೆ ಅಜ್ಜಿ ಮಂಚದ ಕಂಬಿ ಹಿಡಿದುಕೊಂಡು ಅಳುತ್ತಿದ್ದರು. "ಯಾರೋ ಮಂಡಿ ಒಳಗೆ ಗೂಟ ಹೊಡೀತಿದ್ದಾರೆ" ಅಂದರು. ಮಗಳು ಹೆದರಿ ಬಿಳಿಚಿಕೊಂಡಿದ್ದಳು. ಆಪರೇಷನ್ ಕೆಟ್ಟುಹೋಯಿತು ಅಂತಲೇ ಅವಳು ತಿಳಿದಿದ್ದಳು.

ಆಪರೇಷನ್ ಚೆನ್ನಾಗಿಯೇ ಆಗಿತ್ತು. ಬೆಳಿಗ್ಗೆ ನಾನು ಕೊಟ್ಟಿದ್ದ ಇಂಜೆಕ್ಷನ್‌ನ ಶಕ್ತಿ ಮುಗಿದಿತ್ತು, ಅಷ್ಟೇ. ಅದು ಎಷ್ಟು ಹೊತ್ತು ಇರುತ್ತದೆ, ಇಳಿಯುವಾಗ ಏನಾಗುತ್ತದೆ, ನೋವಿಲ್ಲದಾಗಲೇ ಮಾತ್ರೆ ಯಾಕೆ ನುಂಗಬೇಕು ಅಂತ ನಾನು ಅವರಿಗೆ ತಿಳಿಯುವ ಹಾಗೆ ಹೇಳಿರಲಿಲ್ಲ. ಅರಿವಳಿಕೆ ಡಾಕ್ಟರ್ ಆಗಿ ಆ ರಾತ್ರಿ ನನ್ನನ್ನು ಬಹಳ ಕಾಡಿತು. ಅವತ್ತು ಹೇಳದೇ ಉಳಿದಿದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ.

ಮಂಡಿ ಯಾಕೆ ಇಷ್ಟು ನೋಯುತ್ತದೆ

ಮಂಡಿ ಬದಲಿಸುವುದು ಅಂದಾಗ ಇಡೀ ಮಂಡಿಯನ್ನೇ ಕಿತ್ತು ಬೇರೆಯದನ್ನು ಜೋಡಿಸುತ್ತಾರೆ ಅಂತ ಬಹಳ ಜನ ತಿಳಿದಿರುತ್ತಾರೆ. ತೆಗೆಯುವುದು ಸವೆದ ಮೇಲ್ಮೈಯನ್ನು ಮಾತ್ರ. ತೊಡೆಮೂಳೆಯ ಕೆಳತುದಿ ಮತ್ತು ಕಣಕಾಲಿನ ಮೂಳೆಯ ಮೇಲ್ತುದಿಯಿಂದ ಸುಮಾರು 8ರಿಂದ 10 ಮಿಲಿಮೀಟರ್ ದಪ್ಪ ಕತ್ತರಿಸಿ, ಅಲ್ಲಿ ಲೋಹದ ಹೊದಿಕೆ ಕೂರಿಸುತ್ತಾರೆ. ನಡುವೆ ಗಟ್ಟಿ ಪ್ಲಾಸ್ಟಿಕ್ಕಿನ ಒಂದು ಬಿಲ್ಲೆ. ಹೇಳುವಾಗ ಸಣ್ಣ ಕೆಲಸದಂತೆ ಕೇಳಿಸುತ್ತದೆ. ಆದರೆ ಅಲ್ಲಿಗೆ ಹೋಗಲು ಚರ್ಮ, ಸ್ನಾಯುವಿನ ಅಂಚು, ಕೀಲಿನ ಸುತ್ತ ಇರುವ ಚೀಲ ಎಲ್ಲವನ್ನೂ ಬಿಡಿಸಬೇಕು. ಮೂಳೆಯನ್ನು ಗರಗಸದಲ್ಲಿ ಕೊಯ್ಯಬೇಕು. ನೋವು ತಿಳಿಸುವ ನರದ ತುದಿಗಳು ಕಿಕ್ಕಿರಿದಿರುವುದು ಈ ಚೀಲ ಮತ್ತು ಮೂಳೆಯ ಪೊರೆಯಲ್ಲೇ.

ಇನ್ನೊಂದು ಕಷ್ಟವಿದೆ, ಅದೇ ದೊಡ್ಡದು. ಕೈ ಮುರಿದರೆ ಕಟ್ಟು ಹಾಕಿ ಅಲ್ಲಾಡಿಸಬೇಡಿ ಅನ್ನುತ್ತೇವೆ. ಮಂಡಿಯಲ್ಲಿ ಇದು ತಲೆಕೆಳಗು. ಗಾಯವಾದ ಕೀಲನ್ನೇ ಮಾರನೇ ದಿನ, ಕೆಲವು ಕಡೆ ಅದೇ ದಿನ ಸಂಜೆ, ಮಡಿಸಬೇಕು, ಅದರ ಮೇಲೆ ಭಾರ ಹಾಕಿ ನಿಲ್ಲಬೇಕು. ನೋವಿಗೆ ಹೆದರಿ ಮೊದಲ ವಾರಗಳಲ್ಲಿ ಮಡಿಸದೇ ಬಿಟ್ಟರೆ ಒಳಗೆ ಗಾಯದ ಅಂಗಾಂಶ ಗಟ್ಟಿಯಾಗಿ ಕೀಲು ಬಿಗಿಯುತ್ತದೆ. ಹೊಸ ಮಂಡಿ ಒಳಗಿದ್ದೂ ಮೆಟ್ಟಿಲು ಹತ್ತಲು ಆಗದ ಸ್ಥಿತಿ ಬರುತ್ತದೆ.

ಹಾಗಾಗಿ ನಮ್ಮ ಮುಂದೆ ಎರಡು ಬೇಡಿಕೆಗಳಿವೆ. ನೋವು ಹೋಗಬೇಕು, ಕಾಲಿನ ಬಲ ಉಳಿಯಬೇಕು. ಕಳೆದ ಇಪ್ಪತ್ತು ವರ್ಷಗಳಲ್ಲಿ ಈ ಕ್ಷೇತ್ರದಲ್ಲಿ ಆದ ಬದಲಾವಣೆಯೆಲ್ಲ ಈ ಎರಡನ್ನೂ ಒಟ್ಟಿಗೆ ಸಾಧಿಸುವ ಪ್ರಯತ್ನವೇ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ನಮ್ಮ ಮಾತಿನಲ್ಲಿ ಎಲ್ಲವೂ ನರವೇ. ರಕ್ತನಾಳವೂ ನರ, ಸ್ನಾಯು ಹಿಡಿದುಕೊಂಡರೂ "ನರ ಎಳೀತಿದೆ". ಇಲ್ಲಿ ನರ ಅಂದರೆ ಸುದ್ದಿ ಒಯ್ಯುವ ತಂತಿ. ಒಂದು ಬಗೆಯ ಎಳೆಗಳು ನೋವಿನ ಸುದ್ದಿಯನ್ನು ಮೇಲಕ್ಕೆ ಕಳಿಸುತ್ತವೆ. ಇನ್ನೊಂದು ಬಗೆಯವು "ಕಾಲು ಎತ್ತು" ಅನ್ನುವ ಆಜ್ಞೆಯನ್ನು ಕೆಳಗೆ ತರುತ್ತವೆ. ಬಹಳಷ್ಟು ನರಗಳಲ್ಲಿ ಎರಡೂ ಒಂದೇ ಕಟ್ಟಿನಲ್ಲಿ ಇರುತ್ತವೆ. ಕಟ್ಟನ್ನು ಪೂರ್ತಿ ಮರಗಟ್ಟಿಸಿದರೆ ನೋವಿನ ಜೊತೆಗೆ ಬಲವೂ ಹೋಗುತ್ತದೆ.

ಬೆನ್ನಿಗೆ ಕೊಡುವ ಇಂಜೆಕ್ಷನ್

ಮಂಡಿ ಆಪರೇಷನ್‌ಗೆ ನಾವು ಹೆಚ್ಚಾಗಿ ಕೊಡುವುದು ಸ್ಪೈನಲ್. ಸೊಂಟದ ಮಟ್ಟದಲ್ಲಿ, ಎರಡು ಬೆನ್ನುಮೂಳೆಗಳ ಸಂದಿಯಿಂದ ಕೂದಲಿನಷ್ಟು ಸಣ್ಣ ಸೂಜಿ ಹಾಕಿ, ಬೆನ್ನುಹುರಿಯ ಸುತ್ತಲಿನ ನೀರಿಗೆ ಎರಡು ಮೂರು ಮಿಲಿ ಔಷಧಿ ಬಿಡುತ್ತೇವೆ. ಹೆಚ್ಚಾಗಿ ಬುಪಿವಕೇನ್. ಬೆನ್ನುಹುರಿ ದೊಡ್ಡವರಲ್ಲಿ ಸೊಂಟದ ಮೊದಲ ಅಥವಾ ಎರಡನೇ ಮೂಳೆಯ ಮಟ್ಟದಲ್ಲೇ ಮುಗಿದಿರುತ್ತದೆ. ನಾವು ಸೂಜಿ ಹಾಕುವುದು ಅದಕ್ಕಿಂತ ಕೆಳಗೆ. ಅಲ್ಲಿ ಇರುವುದು ನೀರಿನಲ್ಲಿ ತೇಲುವ ನರದ ಎಳೆಗಳು ಮಾತ್ರ.

ಒಂದೆರಡು ನಿಮಿಷದಲ್ಲಿ ಕಾಲು ಬೆಚ್ಚಗಾಗುತ್ತದೆ, ಆಮೇಲೆ ಭಾರವಾಗುತ್ತದೆ. "ಕಾಲು ನಂದಲ್ಲ ಅನ್ನಿಸ್ತಿದೆ" ಅಂತ ಎಲ್ಲರೂ ಹೇಳುತ್ತಾರೆ. ನರದ ಸುದ್ದಿ ಸಾಗುವುದು ವಿದ್ಯುತ್ತಿನ ಅಲೆಯಂತೆ. ನರದ ಗೋಡೆಯ ಸಣ್ಣ ಬಾಗಿಲುಗಳಿಂದ ಸೋಡಿಯಂ ಒಳಗೆ ನುಗ್ಗಿದಾಗ ಆ ಅಲೆ ಮುಂದಕ್ಕೆ ಹೋಗುತ್ತದೆ. ಬುಪಿವಕೇನ್ ಆ ಬಾಗಿಲುಗಳನ್ನು ಮುಚ್ಚಿ ಹಿಡಿಯುತ್ತದೆ. ನರಕ್ಕೆ ಏನೂ ಆಗಿರುವುದಿಲ್ಲ. ಔಷಧಿ ಕರಗಿ ಹೋದಂತೆ ಬಾಗಿಲು ತೆರೆಯುತ್ತವೆ, ಎರಡರಿಂದ ನಾಲ್ಕು ಗಂಟೆಯಲ್ಲಿ ಕಾಲು ಮತ್ತೆ ನಿಮ್ಮದಾಗುತ್ತದೆ.

ಈ ವಿದ್ಯೆ ಹಳೆಯದು. 1898ರಲ್ಲಿ ಜರ್ಮನಿಯ ಕೀಲ್ ಊರಿನ ಸರ್ಜನ್ ಆಗಸ್ಟ್ ಬಿಯರ್ ಇದನ್ನು ಮೊದಲು ರೋಗಿಗಳಲ್ಲಿ ಮಾಡಿದ. ಆಗ ಔಷಧಿ ಕೊಕೇನ್. ಆಮೇಲೆ ಅವನೂ ಅವನ ಸಹಾಯಕ ಹಿಲ್ಡೆಬ್ರಾಂಟ್ ಕೂಡ ತಮ್ಮ ಮೇಲೆಯೇ ಪರೀಕ್ಷೆ ಮಾಡಿಕೊಂಡರು. ಹಿಲ್ಡೆಬ್ರಾಂಟ್‌ನ ಕಣಕಾಲಿಗೆ ಕಬ್ಬಿಣದ ಸುತ್ತಿಗೆಯಲ್ಲಿ ಹೊಡೆದರೂ ಅವನಿಗೆ ನೋವಾಗಲಿಲ್ಲ. ಆದರೆ ಆಮೇಲೆ ಇಬ್ಬರಿಗೂ ವಿಪರೀತ ತಲೆನೋವು ಬಂತು. ದಪ್ಪ ಸೂಜಿ ಮಾಡಿದ ತೂತಿನಿಂದ ಬೆನ್ನಿನ ನೀರು ಸೋರಿದ್ದೇ ಕಾರಣ. ಇವತ್ತಿನ ಸಣ್ಣ, ಪೆನ್ಸಿಲ್ ಮೊನೆಯ ಸೂಜಿಗಳಿಂದ ಆ ತಲೆನೋವು ಬಹಳ ಕಡಿಮೆಯಾಗಿದೆ. ವಯಸ್ಸಾದವರಲ್ಲಿ ಇನ್ನೂ ಅಪರೂಪ.

"ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡ್ರೆ ಜೀವನಪೂರ್ತಿ ಸೊಂಟ ನೋವು" ಅನ್ನುವ ಮಾತನ್ನು ನಾನು ವಾರಕ್ಕೆ ಒಮ್ಮೆಯಾದರೂ ಕೇಳುತ್ತೇನೆ. ಸೂಜಿ ಚುಚ್ಚಿದ ಜಾಗ ಎರಡು ಮೂರು ದಿನ ಕೆರಳಿರಬಹುದು. ವರ್ಷಗಟ್ಟಲೆ ಸೊಂಟ ನೋವಿಗೆ ಈ ಸೂಜಿ ಕಾರಣವಲ್ಲ. ಮಂಡಿ ಸವೆದು ವರ್ಷಗಟ್ಟಲೆ ಓರೆಯಾಗಿ ನಡೆದವರಿಗೆ ಸೊಂಟದಲ್ಲಿ ಮೊದಲೇ ತೊಂದರೆ ಇರುತ್ತದೆ, ಅಲ್ವಾ?

ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ಮೊದಲೇ ಹೇಳಲೇಬೇಕು. ಕ್ಲೊಪಿಡೋಗ್ರೆಲ್‌ನಂಥ ಮಾತ್ರೆಯನ್ನು ಸ್ಪೈನಲ್‌ಗೆ ಕೆಲವು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಇಲ್ಲದಿದ್ದರೆ ಬೆನ್ನಿನೊಳಗೆ ರಕ್ತ ಕಟ್ಟಿ ನರಗಳ ಮೇಲೆ ಒತ್ತಡ ಬೀಳುವ ಅಪಾಯವಿದೆ. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ, ಹೃದಯದ ಡಾಕ್ಟರ್ ಜೊತೆ ಮಾತಾಡಿಯೇ ತೀರ್ಮಾನ ಆಗಬೇಕು.

ತೊಡೆಯ ನಡುವಿನ ಒಂದು ಸುರಂಗ

ಸ್ಪೈನಲ್ ಮಧ್ಯಾಹ್ನಕ್ಕೆ ಮುಗಿಯುತ್ತದೆ. ನೋವು ಮೂರು ದಿನ ಜೋರಾಗಿರುತ್ತದೆ. ಈ ನಡುವಿನ ಸಮಯಕ್ಕೆ ಏನು ಮಾಡುವುದು?

ಹಿಂದೆ ಬೆನ್ನಿನಲ್ಲೇ ಸಣ್ಣ ಕೊಳವೆ ಬಿಟ್ಟು ಎರಡು ಮೂರು ದಿನ ಔಷಧಿ ಹರಿಸುತ್ತಿದ್ದೆವು. ಅದು ಎಪಿಡ್ಯೂರಲ್. ನೋವು ಚೆನ್ನಾಗಿ ಹಿಡಿತಕ್ಕೆ ಬರುತ್ತಿತ್ತು. ಆದರೆ ಒಂದು ಕಾಲಿನ ನೋವಿಗೆ ಎರಡೂ ಕಾಲು ಮರಗಟ್ಟುತ್ತಿತ್ತು, ಬಿಪಿ ಇಳಿಯುತ್ತಿತ್ತು, ಮೂತ್ರ ಕಟ್ಟಿಕೊಳ್ಳುತ್ತಿತ್ತು. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಿರಲು ಕೊಡುವ ಇಂಜೆಕ್ಷನ್‌ಗೂ ಇದಕ್ಕೂ ಹೊಂದಿಕೆಯಾಗುವುದು ಕಷ್ಟ.

ಅದಾದ ಮೇಲೆ ಬಂದದ್ದು ತೊಡೆಸಂದಿಯಲ್ಲಿ ಕೊಡುವ ಫೆಮೊರಲ್ ಬ್ಲಾಕ್. ಬ್ಲಾಕ್ ಅಂದರೆ ಒಂದು ನರದ ಪಕ್ಕದಲ್ಲಿ ಔಷಧಿ ಬಿಟ್ಟು ಅದನ್ನಷ್ಟೇ ಮರಗಟ್ಟಿಸುವುದು. ಫೆಮೊರಲ್ ನರ ಮಂಡಿಯ ಮುಂಭಾಗದ ನೋವನ್ನು ಒಯ್ಯುವ ಮುಖ್ಯ ತಂತಿ. ಅದನ್ನು ಮರಗಟ್ಟಿಸಿದರೆ ರೋಗಿ ಆರಾಮಾಗಿ ಮಲಗುತ್ತಾರೆ. ಆದರೆ ಅದೇ ನರ ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿಗೂ ಆಜ್ಞೆ ತರುತ್ತದೆ. ನಿಂತಾಗ ಮಂಡಿ ಕುಸಿಯದಂತೆ ಹಿಡಿಯುವುದು ಆ ಸ್ನಾಯುವೇ. ನೋವಿಲ್ಲ ಅಂತ ಧೈರ್ಯವಾಗಿ ರಾತ್ರಿ ಬಾತ್‌ರೂಮಿಗೆ ಎದ್ದವರ ಕಾಲು ಮಡಚಿಕೊಂಡು ಬಿದ್ದುಬಿಡುತ್ತಿದ್ದರು. ಹೊಸ ಮಂಡಿಯ ಮೇಲೆ ಬೀಳುವುದಕ್ಕಿಂತ ಕೆಟ್ಟದ್ದು ಏನಿದೆ?

ಹಾಗಾಗಿ ಅದೇ ನರವನ್ನು ಸ್ವಲ್ಪ ಕೆಳಗೆ ಹಿಡಿಯೋಣ ಅನ್ನುವ ಯೋಚನೆ ಬಂತು. ಸ್ನಾಯುವಿಗೆ ಹೋಗುವ ಕವಲುಗಳಲ್ಲಿ ಹೆಚ್ಚಿನವು ತೊಡೆಯ ಮೇಲ್ಭಾಗದಲ್ಲೇ ಬೇರೆಯಾಗುತ್ತವೆ. ಸಫೀನಸ್ ಅನ್ನುವ, ಬರೀ ಸ್ಪರ್ಶ ಮತ್ತು ನೋವನ್ನು ಒಯ್ಯುವ ಕವಲು ಮಾತ್ರ ಇನ್ನೂ ಕೆಳಗೆ ಸಾಗುತ್ತದೆ. ತೊಡೆಯ ಒಳಮೈಯಲ್ಲಿ ಸ್ನಾಯುಗಳ ನಡುವೆ ಒಂದು ಕಿರಿದಾದ ಸುರಂಗವಿದೆ. ಹದಿನೆಂಟನೇ ಶತಮಾನದ ಲಂಡನ್ನಿನ ಸರ್ಜನ್ ಜಾನ್ ಹಂಟರ್ ಹೆಸರಲ್ಲಿ ಅದನ್ನು ಹಂಟರ್ ಕಾಲುವೆ ಅಂತಲೂ ಕರೆಯುತ್ತಾರೆ. ಈ ಕವಲು ಅಲ್ಲಿ ರಕ್ತನಾಳದ ಪಕ್ಕದಲ್ಲೇ ಸಾಗುತ್ತದೆ. ಅಲ್ಲಿ ಕೊಡುವ ಇಂಜೆಕ್ಷನ್‌ಗೆ ಅಡಕ್ಟರ್ ಕೆನಾಲ್ ಬ್ಲಾಕ್ ಅನ್ನುತ್ತಾರೆ.

ಅಜ್ಜಿಗೆ ಅವತ್ತು ಮಾಡಿದ್ದು ಇದೇ. ತೊಡೆಯ ನಡುವೆ ತಣ್ಣನೆಯ ಜೆಲ್ ಹಚ್ಚಿ ಅಲ್ಟ್ರಾಸೌಂಡ್ ಇಟ್ಟೆ. ಪರದೆಯ ಮೇಲೆ ಬೂದು ಬಣ್ಣದ ಪದರಗಳು ಕಂಡವು. ಮೇಲೆ ದೋಣಿಯಾಕಾರದ ಒಂದು ಸ್ನಾಯು. ಅದರ ಕೆಳಗೆ ಕಪ್ಪು ಬೊಟ್ಟಿನಂತೆ ರಕ್ತನಾಳ, ಎದೆ ಬಡಿತಕ್ಕೆ ತಕ್ಕಂತೆ ಮಿಡಿಯುತ್ತಿತ್ತು. ಅದರ ಅಂಚಿನಲ್ಲಿ ಸಣ್ಣ ಬಿಳಿ ಚುಕ್ಕೆ. ಅದೇ ನರ. ಸೂಜಿ ಹೊರಗಿನಿಂದ ಬೆಳ್ಳಿ ಗೆರೆಯ ಹಾಗೆ ನಿಧಾನವಾಗಿ ಒಳಗೆ ಬಂತು. ಔಷಧಿ ಬಿಡುತ್ತಿದ್ದಂತೆ ರಕ್ತನಾಳದ ಸುತ್ತ ಕಪ್ಪು ನೀರು ಹರಡಿಕೊಂಡು ಆ ಬಿಳಿ ಚುಕ್ಕೆ ತೇಲಿತು. ಒಟ್ಟು 20 ಮಿಲಿ, ಐದು ನಿಮಿಷದ ಕೆಲಸ. ಹಿಂದೆ ಇದನ್ನೆಲ್ಲ ಕಣ್ಣಿಗೆ ಕಾಣದೆ, ಸಣ್ಣ ಕರೆಂಟ್ ಕೊಟ್ಟು ಸ್ನಾಯು ಅದುರುವುದನ್ನು ನೋಡಿ ಅಂದಾಜು ಮಾಡಬೇಕಿತ್ತು. ಕಾಣುವ ಹಾಗಾದದ್ದೇ ದೊಡ್ಡ ಬದಲಾವಣೆ ಅಂತ ನನಗೆ ಅನ್ನಿಸುತ್ತದೆ.

ಸ್ಪೈನಲ್ ಬಿಟ್ಟ ಮೇಲೆ ಅಜ್ಜಿ ಸಂಜೆ ಕಾಲನ್ನು ನೇರವಾಗಿ ಎತ್ತಿ ತೋರಿಸಿದರು. ನೋವೂ ಇರಲಿಲ್ಲ, ಬಲವೂ ಇತ್ತು. ಆದರೂ ಒಬ್ಬರೇ ಏಳಬೇಡಿ ಅಂತ ಹೇಳುವುದನ್ನು ನಾವು ಬಿಡುವುದಿಲ್ಲ. ಔಷಧಿ ಸ್ವಲ್ಪ ಮೇಲಕ್ಕೆ ಹರಡಿದರೆ ಈ ಬ್ಲಾಕ್‌ನಲ್ಲೂ ತೊಡೆ ಸಡಿಲವಾಗಬಹುದು.

ಮಂಡಿಯ ಹಿಂಭಾಗ ಬೇರೆಯೇ ಕಥೆ. ಅಲ್ಲಿನ ನೋವಿನ ಸುದ್ದಿ ಮುಖ್ಯವಾಗಿ ಸಿಯಾಟಿಕ್ ನರದ ಕವಲುಗಳಿಂದ ಹೋಗುತ್ತದೆ, ಒಳಬದಿಯ ಸ್ವಲ್ಪ ಭಾಗ ಆಬ್ಟ್ಯುರೇಟರ್ ಅನ್ನುವ ನರದಿಂದ. ಸಿಯಾಟಿಕ್ ನರವನ್ನೇ ಮರಗಟ್ಟಿಸಬಹುದು. ಆದರೆ ಆಗ ಪಾದ ಎತ್ತಲು ಆಗುವುದಿಲ್ಲ. ಮಂಡಿ ಆಪರೇಷನ್‌ನಲ್ಲಿ ಅಪರೂಪಕ್ಕೆ ಪಾದ ಎತ್ತುವ ನರಕ್ಕೆ ಪೆಟ್ಟಾಗುವುದುಂಟು. ಆಪರೇಷನ್ ಆದ ಕೂಡಲೇ ಸರ್ಜನ್ ಬಂದು "ಪಾದ ಮೇಲಕ್ಕೆ ಎತ್ತಿ ನೋಡೋಣ" ಅನ್ನುವುದು ಅದಕ್ಕೇ. ನಾವೇ ಪಾದ ಮರಗಟ್ಟಿಸಿಬಿಟ್ಟಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

ಇದಕ್ಕೆ ಎರಡು ದಾರಿ ಇವೆ. ಒಂದು ಐಪ್ಯಾಕ್ ಬ್ಲಾಕ್. ಮಂಡಿಯ ಹಿಂದಿನ ರಕ್ತನಾಳಕ್ಕೂ ಕೀಲಿನ ಚೀಲಕ್ಕೂ ನಡುವೆ ಔಷಧಿ ಬಿಟ್ಟು ಸಣ್ಣ ಎಳೆಗಳನ್ನು ಮಾತ್ರ ಹಿಡಿಯುವುದು. ಇನ್ನೊಂದು, ಆಪರೇಷನ್ ನಡೆಯುವಾಗಲೇ ಸರ್ಜನ್ ಕೀಲಿನ ಸುತ್ತ, ಹಿಂದಿನ ಚೀಲಕ್ಕೂ ಸೇರಿಸಿ, ಅಲ್ಲಲ್ಲಿ ಚುಚ್ಚಿ ಔಷಧಿ ತುಂಬುವುದು. ಸಿಡ್ನಿಯ ಕೆರ್ ಮತ್ತು ಕೋಹನ್ ಎಂಬ ವೈದ್ಯರು 2008ರಲ್ಲಿ ಇದರ ಬಗ್ಗೆ ಬರೆದ ಮೇಲೆ ಎಲ್ಲ ಕಡೆ ಹಬ್ಬಿತು. ಮರಗಟ್ಟಿಸುವ ರೋಪಿವಕೇನ್, ನೋವು ಮತ್ತು ಊತ ಇಳಿಸುವ ಕೆಟೊರೊಲಾಕ್, ರಕ್ತನಾಳ ಕಿರಿದು ಮಾಡುವ ಅಡ್ರಿನಲಿನ್ ಬೆರೆಸಿದ ಮಿಶ್ರಣ ಅದು. ಆಪರೇಷನ್ ನಂತರದ ನೋವಿನ ಬಗ್ಗೆ ಸಲಹೆ ಕೊಡುವ ಪ್ರಾಸ್ಪೆಕ್ಟ್ ಎಂಬ ಅಂತರರಾಷ್ಟ್ರೀಯ ತಂಡ 2022ರಲ್ಲಿ ಮಂಡಿಗೆ ಸೂಚಿಸಿದ್ದೂ ಅಡಕ್ಟರ್ ಕೆನಾಲ್ ಬ್ಲಾಕ್ ಮತ್ತು ಈ ಚುಚ್ಚುಮದ್ದು ಎರಡನ್ನೂ ಒಟ್ಟಿಗೆ ಕೊಡುವುದನ್ನೇ. ಅದರ ಜೊತೆಗೆ ಪ್ಯಾರಸಿಟಮಾಲ್, ಊತ ಇಳಿಸುವ ನೋವಿನ ಮಾತ್ರೆ, ಒಂದು ಡೋಸ್ ಡೆಕ್ಸಾಮೆಥಾಸೋನ್ ಅನ್ನುವ ಸ್ಟೀರಾಯ್ಡ್. ಮಾರ್ಫಿನ್ ಜಾತಿಯ ಔಷಧಿ ಇವೆಲ್ಲ ಸಾಲದಿದ್ದಾಗ ಮಾತ್ರ.

ನಾನೂ ಸರ್ಜನ್ನೂ ಇಬ್ಬರೂ ಮರಗಟ್ಟಿಸುವ ಔಷಧಿ ಕೊಡುತ್ತಿದ್ದರೆ ಆಪರೇಷನ್‌ಗೆ ಮೊದಲೇ ಕೂತು ಒಟ್ಟು ಲೆಕ್ಕ ಹಾಕುತ್ತೇವೆ. ರೋಗಿಯ ತೂಕಕ್ಕೆ ಇಷ್ಟೇ ಅಂತ ಮಿತಿ ಇದೆ. ಮೀರಿದರೆ, ಅಥವಾ ಔಷಧಿ ತಪ್ಪಿ ರಕ್ತನಾಳಕ್ಕೆ ಹೋದರೆ, ತುಟಿ ಜುಮ್ಮೆನ್ನುವುದು, ಕಿವಿಯಲ್ಲಿ ಗುಂಯ್ ಅನ್ನುವುದು, ಬಾಯಲ್ಲಿ ಲೋಹದ ರುಚಿ ಶುರುವಾಗುತ್ತದೆ. ಜಾಸ್ತಿಯಾದರೆ ಫಿಟ್ಸ್ ಬರಬಹುದು, ಹೃದಯದ ಬಡಿತ ಏರುಪೇರಾಗಬಹುದು. ಬಹಳ ಅಪರೂಪ. ಅದಕ್ಕೆ ಮದ್ದಾಗಿ ಹಾಲಿನಂತೆ ಬೆಳ್ಳಗಿರುವ ಲಿಪಿಡ್ ಇಮಲ್ಷನ್ ಆಪರೇಷನ್ ಥಿಯೇಟರಿನಲ್ಲಿ ಕೈಗೆಟಕುವ ಕಡೆ ಇರಬೇಕು. ಇಂಜೆಕ್ಷನ್ ಕೊಡುವಾಗ ನಾವು ನಿಮ್ಮ ಜೊತೆ ಮಾತಾಡುತ್ತಲೇ ಇರುವುದಕ್ಕೆ ಇದೂ ಒಂದು ಕಾರಣ. ಏನಾದರೂ ಹೊಸದಾಗಿ ಅನ್ನಿಸಿದರೆ ತಕ್ಷಣ ಹೇಳಿ.

ಎರಡೂವರೆ ಗಂಟೆಯ ನೋವು

ಈಗ ಅಜ್ಜಿಯ ರಾತ್ರಿಗೆ ಬರೋಣ. ಒಂದೇ ಸಲ ಕೊಟ್ಟ ಬ್ಲಾಕ್ ಸುಮಾರು 12ರಿಂದ 24 ಗಂಟೆ ಇರುತ್ತದೆ. ಬೆಳಿಗ್ಗೆ ಹತ್ತಕ್ಕೆ ಕೊಟ್ಟರೆ ಅದು ಇಳಿಯುವುದು ಹೆಚ್ಚಾಗಿ ನಡುರಾತ್ರಿಯಿಂದ ಬೆಳಗಿನ ಜಾವದೊಳಗೆ. ವಾರ್ಡು ಮಲಗಿರುತ್ತದೆ, ರೋಗಿಯೂ ಮಲಗಿರುತ್ತಾರೆ, ರಾತ್ರಿಯ ಮಾತ್ರೆ ತಪ್ಪಿರುತ್ತದೆ. ಆಪರೇಷನ್ ಆದಾಗಿನಿಂದ ತಡೆದಿಟ್ಟಿದ್ದ ನೋವು ಒಮ್ಮೆಲೇ ಬಂದು ಅಪ್ಪಳಿಸುತ್ತದೆ. ನಾವು ಇದನ್ನು ರಿಬೌಂಡ್ ನೋವು ಅನ್ನುತ್ತೇವೆ. ಏರಿದ ಮೇಲೆ ಇಳಿಸುವುದು ಕಷ್ಟ. ಏರುವ ಮೊದಲೇ ಮಾತ್ರೆ ಒಳಗಿದ್ದರೆ ಅದು ಅಷ್ಟು ಎತ್ತರಕ್ಕೆ ಹೋಗುವುದೇ ಇಲ್ಲ.

ಹಾಗಾಗಿ ಮೊದಲ ಎರಡು ಮೂರು ದಿನ ಮಾತ್ರೆ ಗಡಿಯಾರ ನೋಡಿ ನುಂಗಬೇಕು, ನೋವು ನೋಡಿ ಅಲ್ಲ. ಮಲಗುವ ಮುನ್ನ ಒಂದು ಡೋಸ್ ತಪ್ಪಲೇಬಾರದು. ಜೊತೆಗೆ ಇರುವವರು ಫೋನಿನಲ್ಲಿ ಅಲಾರಂ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಕೆಲವು ಕಡೆ ತೊಡೆಯಲ್ಲಿ ಸಣ್ಣ ಕೊಳವೆ ಬಿಟ್ಟು, ಬಲೂನಿನಂಥ ಪಂಪಿನಿಂದ ಎರಡು ಮೂರು ದಿನ ಔಷಧಿ ಹರಿಸುತ್ತಾರೆ. ಖರ್ಚು ಜಾಸ್ತಿ, ಕೊಳವೆ ಜರುಗುವ ತೊಂದರೆಯೂ ಇದೆ. ಬೇರೆ ಮಾತ್ರೆ ತೆಗೆದುಕೊಳ್ಳಲು ಆಗದವರಿಗೆ ಅದು ನಿಜಕ್ಕೂ ಉಪಯೋಗ.

"ನೋವಿನ ಮಾತ್ರೆ ಕಿಡ್ನಿಗೆ ಹೊಡೆತ" ಅನ್ನುವ ಭಯ ಸುಳ್ಳಲ್ಲ, ಆದರೆ ಎಲ್ಲ ಮಾತ್ರೆಗೂ ಅದು ಅನ್ವಯಿಸುವುದಿಲ್ಲ. ಡೈಕ್ಲೋಫೆನಾಕ್‌ನಂಥವು ಕಿಡ್ನಿ ತೊಂದರೆ, ಹೊಟ್ಟೆ ಹುಣ್ಣು, ಹೃದಯದ ಕಾಯಿಲೆ ಇರುವವರಿಗೆ ಆಗಿಬರುವುದಿಲ್ಲ. ಪ್ಯಾರಸಿಟಮಾಲ್ ಬೇರೆ ಜಾತಿ. ಡಾಕ್ಟರ್ ಹೇಳಿದ ಅಳತೆಯಲ್ಲಿ ಅದು ಬಹಳಷ್ಟು ಜನರಿಗೆ ಒಗ್ಗುತ್ತದೆ. ಡೆಕ್ಸಾಮೆಥಾಸೋನ್ ಕೊಟ್ಟ ದಿನ ಸಕ್ಕರೆ ಕಾಯಿಲೆ ಇರುವವರ ಶುಗರ್ ಏರಬಹುದು, ಗಾಬರಿ ಬೇಡ, ನೋಡಿಕೊಳ್ಳುತ್ತೇವೆ. ಟ್ರಮಡಾಲ್, ಮಾರ್ಫಿನ್ ವಾಂತಿ, ಮಲಬದ್ಧತೆ, ಮಂಪರು ತರುತ್ತವೆ. ವಯಸ್ಸಾದವರು ರಾತ್ರಿ ಊರು ಮನೆ ಮರೆತು ಏನೇನೋ ಮಾತಾಡುವುದೂ ಉಂಟು. ಬ್ಲಾಕ್‌ಗಳ ದೊಡ್ಡ ಲಾಭವೇ ಇದು. ಈ ಔಷಧಿಗಳ ಅಗತ್ಯ ಕಡಿಮೆಯಾಗುತ್ತದೆ, ಮನಸ್ಸು ತಿಳಿಯಾಗಿರುತ್ತದೆ.

ನಮ್ಮ ತಾಯಂದಿರಲ್ಲಿ ಇನ್ನೊಂದು ಅಭ್ಯಾಸ ನೋಡಿದ್ದೇನೆ. "ನಾಲ್ಕು ಹೆತ್ತಿದ್ದೀನಿ, ಇದೇನು ಮಹಾ, ತಡ್ಕೋತೀನಿ." ತಡೆದುಕೊಂಡರೆ ಬಹುಮಾನವಿಲ್ಲ ಅಮ್ಮ. ನೋವು ತಡೆದುಕೊಂಡವರಿಗೆ ನಿದ್ದೆ ಬರುವುದಿಲ್ಲ, ಬಿಪಿ ಏರುತ್ತದೆ, ಫಿಸಿಯೋಥೆರಪಿಯವರು ಬಂದಾಗ ಕಾಲು ಮಡಿಸಲು ಬಿಡುವುದಿಲ್ಲ. ನೋವು ಪೂರ್ತಿ ಸೊನ್ನೆಯಾಗಬೇಕಿಲ್ಲ. ಹತ್ತರಲ್ಲಿ ಎರಡೋ ಮೂರೋ ಇದ್ದು, ವಾಕರ್ ಹಿಡಿದು ನಾಲ್ಕು ಹೆಜ್ಜೆ ಹಾಕಲು ಆದರೆ ನಮಗೆ ಅಷ್ಟು ಸಾಕು.

ಮಂಡಿಯ ಕೆಳಗೆ ದಿಂಬು ಇಡಬೇಡಿ. ಆರಾಮ ಅನ್ನಿಸುತ್ತದೆ, ಪ್ರೀತಿಯಿಂದ ಮೊಮ್ಮಕ್ಕಳೇ ತಂದು ಇಡುತ್ತಾರೆ. ಆದರೆ ಮಂಡಿ ಬಾಗಿದ ಹಾಗೇ ಉಳಿದು ನೇರವಾಗಲು ಕಷ್ಟವಾಗುತ್ತದೆ. ದಿಂಬು ಹಿಮ್ಮಡಿಯ ಕೆಳಗಿರಲಿ. ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ 15-20 ನಿಮಿಷ ಇಡಿ. ಮರಗಟ್ಟಿದ ಚರ್ಮಕ್ಕೆ ವಿಪರೀತ ತಣ್ಣಗಾದದ್ದು ಗೊತ್ತಾಗುವುದಿಲ್ಲ, ಅದಕ್ಕೇ ಸಮಯ ನೋಡಿಕೊಂಡು ತೆಗೆಯಬೇಕು.

ಕೆಲವನ್ನು ಮಾತ್ರ ಬೆಳಗಾಗಲಿ ಅಂತ ಕಾಯಬೇಡಿ. ಸ್ಪೈನಲ್ ಇಳಿಯಬೇಕಾದ ಹೊತ್ತು ಕಳೆದರೂ ಕಾಲಿನ ಬಲ ಬರದಿದ್ದರೆ, ಬಂದ ಬಲ ಮತ್ತೆ ಹೋದರೆ, ಬೆನ್ನಿನಲ್ಲಿ ಜೋರು ನೋವು ಶುರುವಾದರೆ, ಮೂತ್ರ ಕಟ್ಟಿದರೆ, ಪಾದ ಎತ್ತಲು ಆಗದಿದ್ದರೆ ಆಗಲೇ ಕರೆಯಿರಿ. ಮನೆಗೆ ಹೋದ ಮೇಲೆ ಮೀನಖಂಡ ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದರೆ, ಜ್ವರ ಬಂದು ಗಾಯ ಒಸರುತ್ತಿದ್ದರೆ ಕೂಡ.

ಅಜ್ಜಿಗೆ ಅವತ್ತು ರಾತ್ರಿ ಮಾತ್ರೆ, ಇಂಜೆಕ್ಷನ್ ಎರಡೂ ಕೊಟ್ಟು, ಅಲ್ಟ್ರಾಸೌಂಡ್ ತಂದು ಮಂಚದ ಮೇಲೆಯೇ ಇನ್ನೊಮ್ಮೆ ಬ್ಲಾಕ್ ಮಾಡಿದೆ. ನಾಲ್ಕರ ಹೊತ್ತಿಗೆ ನಿದ್ದೆ ಬಂತು. ಮಾರನೇ ದಿನ ಹನ್ನೊಂದಕ್ಕೆ ವಾಕರ್ ಹಿಡಿದು ಕಿಟಕಿಯ ತನಕ ಹೋದರು. ಮಗಳು ಪಕ್ಕದಲ್ಲೇ, ಕೈಯಲ್ಲಿ ಮಾತ್ರೆಯ ಚೀಟಿ.

ಆರು ತಿಂಗಳ ಮೇಲೆ ತೋರಿಸಲು ಬಂದಾಗ ನನ್ನನ್ನೂ ಕರೆಸಿದರು. ಸೀರೆ ಸ್ವಲ್ಪ ಮೇಲೆತ್ತಿ ಗಾಯದ ಗೆರೆಯ ಹೊರಬದಿಗೆ ಅಂಗೈಯಷ್ಟು ಜಾಗ ತೋರಿಸಿದರು. "ಇಲ್ಲಿ ಮಾತ್ರ ಇನ್ನೂ ಜೋಮು ಡಾಕ್ಟ್ರೇ. ನಿಮ್ಮ ಇಂಜೆಕ್ಷನ್ ಇನ್ನೂ ಬಿಟ್ಟಿಲ್ವಾ?" ಅಂದರು. ಅದು ಇಂಜೆಕ್ಷನ್ ಅಲ್ಲ. ಮುಂದಿನಿಂದ ಗಾಯ ಮಾಡುವಾಗ ಸಫೀನಸ್ ನರದ ಒಂದು ಸಣ್ಣ ಎಳೆ ತುಂಡಾಗುವುದನ್ನು ತಪ್ಪಿಸಲು ಹೆಚ್ಚಾಗಿ ಆಗುವುದಿಲ್ಲ. ಆ ಜಾಗ ವರ್ಷಗಳಲ್ಲಿ ಕಿರಿದಾಗುತ್ತದೆ, ಕೆಲವರಲ್ಲಿ ಹಾಗೇ ಉಳಿಯುತ್ತದೆ, ನಡೆಯಲು ಅಡ್ಡಿಯಿಲ್ಲ. ಅಷ್ಟು ಹೇಳಿದೆ. ಅಜ್ಜಿ ಆ ಜಾಗವನ್ನು ಒಮ್ಮೆ ಸವರಿಕೊಂಡು ಸೀರೆ ಸರಿಮಾಡಿಕೊಂಡರು. "ಎಡಗಾಲಿಗೆ ಯಾವಾಗ?" ಅಂದರು.